ಹಿಸಾಯೊ ಅಕ್ಕ ಇಸೊಬೆಯಲ್ಲಿ ಇಳಿದದ್ದು

ನಮ್ಮ ಪಕ್ಕದ ಮನೆಯ ಹಿಸಾಯೊ ಅಕ್ಕನಿಗೆ ಎಪ್ಪತ್ತನಾಲ್ಕು. ಮೂಲಂಗಿ ಉಪ್ಪಿನಕಾಯಿ ಹಾಕಿದರೆ ಬೀದಿಗೆಲ್ಲ ಹಂಚುತ್ತಾಳೆ. ಆದರೆ ಯಾರನ್ನೂ ಏನನ್ನೂ ಕೇಳುವವಳಲ್ಲ. "ಅವರಿಗ್ಯಾಕೆ ತೊಂದ್ರೆ" ಎನ್ನುವುದು ಅವಳ ಬಾಯಿಪಾಠ. ನಮ್ಮ ಕಡೆಯವರೆಲ್ಲ ಸ್ವಲ್ಪ ಹಾಗೇ. ಅವಳದು ಮಾತ್ರ ಅತಿಯಾಯಿತು.

ಆ ಭಾನುವಾರ ಓಕಿಸಾಕಿಯಲ್ಲಿ ನಮ್ಮ ಗೇಟ್‌ಬಾಲ್ ಫೈನಲ್. ಮರದ ಕೊಡತಿಯಿಂದ ಚೆಂಡು ಹೊಡೆದು ಕಮಾನಿನಲ್ಲಿ ನುಸುಳಿಸುವ ಈ ಆಟಕ್ಕೆ ಐದು ಜನ ಬೇಕು. ಹತ್ತು ಗಂಟೆಗೆ ನಾಲ್ಕೇ ಜನ ನಿಂತಿದ್ದರೆ ಆಡದೆಯೇ ಸೋತಂತೆ. ಹನ್ನೊಂದು ವರ್ಷ ಕಾದು ಫೈನಲ್ ಮುಟ್ಟಿದ್ದೆವು. ಕ್ಯಾಪ್ಟನ್ ನಾನು, ಜಿಂಪೆ. ಅಕ್ಕನೂ ಸೇರಿ ಐವರೂ ಒಂದೇ ರೈಲು ಹತ್ತಿದೆವು.

ಒಂದೇ ಡಬ್ಬಿಯ ರೈಲು, ಕಾಲಿಡಲು ಜಾಗವಿಲ್ಲ. ಆದರೂ ಒಂದು ಸೀಟು ಖಾಲಿ ಇತ್ತು. ಅದರ ಪಕ್ಕ ಕೆಂಚು ಕೂದಲಿನ ವಿದೇಶಿ ಹುಡುಗಿ. ಅವಳ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಪಕ್ಕದಲ್ಲಿ ಕೂತಾಗ ಇಂಗ್ಲಿಷಿನಲ್ಲಿ ಏನಾದರೂ ಕೇಳಿಬಿಟ್ಟರೆ ಮರ್ಯಾದೆ ಹೋಗುತ್ತದಲ್ಲ, ಅದೊಂದೇ ಭಯ. ಶಾಲೆಯಲ್ಲಿ ಆರು ವರ್ಷ ಇಂಗ್ಲಿಷ್ ಓದಿದ ನಾನು ಎಲ್ಲರಿಗಿಂತ ದೂರ ನಿಂತು ಸಮುದ್ರ ನೋಡುತ್ತಿದ್ದೆ.

ಅಕ್ಕ ಮಂಡಿ ಒತ್ತಿಕೊಳ್ಳುವುದನ್ನು ಹುಡುಗಿ ಕಂಡಳು. ಎದ್ದು ನಿಂತು ಸೀಟು ತಟ್ಟಿ, ಚೊಕ್ಕವಾಗಿ ನಮ್ಮ ಭಾಷೆಯಲ್ಲೇ ಕರೆದಳು.

"ಅಜ್ಜಿ, ಬನ್ನಿ, ಕೂತ್ಕೊಳ್ಳಿ."

"ಬೇಡಮ್ಮ ಬೇಡ, ಮುಂದಿನ ಸ್ಟೇಷನ್ನಲ್ಲೇ ಇಳೀತೀನಿ."

ಸೀಟು ಬೇಡ ಎನ್ನಲು ನಾವೆಲ್ಲ ಹೇಳುವ ಸುಳ್ಳು ಇದು. ನಮ್ಮವರಾದರೆ ಗೊತ್ತಿದ್ದೂ ಸುಮ್ಮನಿರುತ್ತಾರೆ. ಪಾಪ, ಹುಡುಗಿ ನಂಬಿಬಿಟ್ಟಳು! ಮುಂದಿನ ಸ್ಟೇಷನ್ ಇಸೊಬೆ ಬಂದದ್ದೇ ತಡ, "ದಾರಿ ಬಿಡಿ, ಅಜ್ಜಿ ಇಳೀತಾರೆ!" ಎಂದು ಕೂಗಿದಳು. ಎಲ್ಲರೂ ದಾರಿ ಬಿಟ್ಟರು. ನಾಚಿಕೆಗೇಡು, ಅಕ್ಕನ ತಂಡದ ನಾವು ನಾಲ್ವರೂ ಬಿಟ್ಟೆವು. ಅಕ್ಕ ಎಲ್ಲರಿಗೂ ತಲೆಬಾಗಿಸುತ್ತ ಇಳಿದೇಬಿಟ್ಟಳು. ಗಲಿಬಿಲಿಯಲ್ಲಿ ಅವಳ ಚೀಲ ರೈಲಿನಲ್ಲೇ ಉಳಿಯಿತು. ಹುಡುಗಿ ಅದನ್ನೆತ್ತಿಕೊಂಡು ಹಿಂದೆಯೇ ಹಾರಿದಳು. ಬಾಗಿಲು ಮುಚ್ಚಿತು.

ಮುಂದಿನ ರೈಲು ಹನ್ನೊಂದಕ್ಕೆ.

"ಏನ್ರೀ ಕ್ಯಾಪ್ಟನ್, ಬಾಯಲ್ಲೇನು ಕಡುಬು ತುರ್ಕೊಂಡಿದ್ರಾ?" ತಂಡದ ಫುಕುಯೊ ಹಲ್ಲು ಕಡಿದಳು.

"ನೀವು ಮಾತ್ರ ಭಾರೀ ಭಾಷಣ ಮಾಡಿದ್ರಿ ನೋಡಿ!" ಎಂದೆ.

ಮೈದಾನ ಸೇರಿದಾಗ ಹತ್ತಕ್ಕೆ ಐದು ನಿಮಿಷ ಬಾಕಿ. ಅಂಪೈರ್ ನಮ್ಮನ್ನು ಎಣಿಸಿ ಗಡಿಯಾರ ನೋಡಿದ. ಅಷ್ಟರಲ್ಲಿ ರಸ್ತೆಯಿಂದ ಮೈಕಿನ ಸದ್ದು: "ತಾಜಾ ಬಂಗುಡೆ! ಈಗ ತಾನೇ ಬಂದ ಬಂಗುಡೆ!" ಮೀನು ಮಾರುವವನ ವ್ಯಾನು ನೇರ ಗೇಟಿನವರೆಗೆ ಬಂತು. ಚಾಲಕನ ಪಕ್ಕ ಒತ್ತರಿಸಿ ಕೂತವರು ಅಕ್ಕ, ಅವಳಾಚೆ ಆ ಹುಡುಗಿ. ಇಡೀ ಮೈದಾನ ಚಪ್ಪಾಳೆ ತಟ್ಟಿತು. ನಾನಂತೂ ಕುಣಿದೇಬಿಟ್ಟೆ.

ಆಡಿದೆವು, ಎರಡು ಪಾಯಿಂಟಿನಿಂದ ಸೋತೆವು. ಯಾರ ಮುಖವೂ ಬಾಡಲಿಲ್ಲ. ಅನ್ನದುಂಡೆಯ ಬುತ್ತಿ ಬಿಚ್ಚಿ, ಹುಡುಗಿಯನ್ನು ನಡುವೆ ಕೂರಿಸಿಕೊಂಡು, ಅಕ್ಕನ ಕಥೆ ಕೇಳಿದೆವು.

"ನಾನು ಬೆಂಚಿನ ಮೇಲೆ ಕೂತು ಅಳ್ತಿದ್ದೆ ಕಣೋ ಜಿಂಪೆ. ಇವಳು ಯಾಕೆ ಅಂದ್ಲು, ಹೇಳ್ದೆ. ರಸ್ತೆಗೆ ಓಡಿಹೋಗಿ ಕೈ ಬೀಸಿದ್ಲು. ವ್ಯಾನ್ ನಿಂತ್ತು. 'ಅಜ್ಜಿಗೆ ಮ್ಯಾಚಿದೆ, ಕರ್ಕೊಂಡ್ ಹೋಗಿ' ಅಂದ್ಲು. ಅವನು 'ಹತ್ತಿ' ಅಂದ. ಇಷ್ಟೇ! ಕೇಳೋದು ಇಷ್ಟ್ ಸುಲಭ ಅಂತ ನಂಗೆ ಯಾರೂ ಹೇಳೇ ಇರ್ಲಿಲ್ವಲ್ಲೋ!"

ಮರುದಿನ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬಂದವಳು ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಜಿಂಪೆ, ನಮ್ಮನೆ ಮಾಡು ಸೋರತ್ತೆ ಕಣೋ, ಮೂರು ವರ್ಷದಿಂದ. ಸ್ವಲ್ಪ ಹತ್ತಿ ನೋಡ್ತೀಯಾ?"

ಕೇಳಿ ನನ್ನ ಮುಖ ಕೆಂಪಾಯಿತು, ಮರುಕ್ಷಣವೇ ನಗುವೂ ಉಕ್ಕಿತು. ನಲವತ್ತು ವರ್ಷ ಈ ಊರಿಗೆಲ್ಲ ಹೆಂಚು ಹೊದಿಸಿದವನು ನಾನು. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಬೇಲಿ. ಬಾಯಿ ಕೂಡ ತೊಳೆಯದೆ ಏಣಿ ತರಲು ಓಡಿದೆ.