ಎರಡನೆಯ ಸೂಜಿಯ ಪ್ರಶ್ನೆ

ಅಫಜಲಪುರಕ್ಕೆ ಬಂದ ಮರುದಿನ ಬೆಳಿಗ್ಗೆ ಬಾಡಿಗೆ ಕೋಣೆಯ ಒಡತಿ ಶಾಂತಾಬಾಯಿ ಬಾಗಿಲಲ್ಲಿ ನಿಂತು, "ಆರಾಮ ಇಲ್ಲೇನ್ರಿ?" ಎಂದರು. ಬಿಡುವಿಲ್ಲವೇ ಎಂದು ಕೇಳುತ್ತಿದ್ದಾರೆ ಅಂದುಕೊಂಡು, "ಇಲ್ಲ, ಇವತ್ತು ಸ್ವಲ್ಪವೂ ಇಲ್ಲ" ಎಂದೆ. ಅವರು ಒಳಗೆ ಬಂದವರೇ ನನ್ನ ಹಣೆ ಮುಟ್ಟಿ ನೋಡಿದರು, ಹೋಗಿ ಕಷಾಯ ಮಾಡಿ ತಂದರು. ಅದನ್ನು ಕುಡಿದು ಮುಗಿಸಿದ ಮೇಲೆ ಗೊತ್ತಾಯಿತು, ಇಲ್ಲಿ ಆರಾಮ ಎಂದರೆ ಆರೋಗ್ಯ. ಮೈಸೂರಿನಲ್ಲಿ ಹುಟ್ಟಿ, ಕನ್ನಡದಲ್ಲೇ ಬೆಳೆದು, ಜನರ ಆರೋಗ್ಯದ ಅಧ್ಯಯನಕ್ಕೆಂದು ಬಂದವಳಿಗೆ ಆ ಶಬ್ದದ ಇಲ್ಲಿನ ಅರ್ಥವೇ ಗೊತ್ತಿರಲಿಲ್ಲ.

ಅದು ಎಂಬತ್ತರ ದಶಕದ ನಡುವಿನ ಮಾತು. ಮೈಸೂರಿನ ನನ್ನ ಓದುಗರೇ, ನಮ್ಮಲ್ಲಿ ಬೇಸಿಗೆಯೆಂದರೆ ಸಂಜೆ ತಣ್ಣಗಾಗುವಂಥದ್ದು. ಇಲ್ಲಿ ಸಂಜೆಯಾದರೂ ಕಲ್ಲಿನ ಗೋಡೆ ಬಿಸಿಯಾಗಿಯೇ ಇರುತ್ತದೆ. ಜನ ಮಾಳಿಗೆಯ ಮೇಲೆ ಮಲಗುತ್ತಾರೆ. ಅನ್ನವೆನ್ನುವುದು ಊಟದ ಕೊನೆಗೆ ಒಂದು ತುತ್ತು. ರೊಟ್ಟಿ ಬಡಿಯುವುದನ್ನು ಶಾಂತಾಬಾಯಿಯವರಿಂದ ಕಲಿತೆ. ಮೊದಲ ಸಲ ರೊಟ್ಟಿ ಹರಿಯದೆ ಹೆಂಚಿಗೆ ಬಿದ್ದ ದಿನ, ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. ಆ ಖುಷಿಯನ್ನು ಹೇಳಿಕೊಳ್ಳಲು ಮಾತ್ರ ಅಲ್ಲಿ ನನ್ನವರು ಯಾರೂ ಇರಲಿಲ್ಲ.

ಕಸ್ತೂರಿ ಇದ್ದಳು. ಆದರೆ ಅವಳಿಗೆ ಹೇಳಲು ಮನಸ್ಸಾಗಲಿಲ್ಲ. ಅವಳು ನನ್ನ ಜೊತೆಗೇ ಕೆಲಸಕ್ಕೆ ಸೇರಿದವಳು, ಜೇವರ್ಗಿಯ ಹುಡುಗಿ, ನನ್ನಷ್ಟೇ ಓದಿದವಳು. ಮಕ್ಕಳ ಲಸಿಕೆಯ ಬಗ್ಗೆ ಇಬ್ಬರೂ ಒಂದೊಂದು ಪ್ರಶ್ನೆ ಸಿದ್ಧಪಡಿಸಬೇಕು, ಗುಲ್ಬರ್ಗಾದಿಂದ ಬರುವ ಹಿರಿಯ ಡಾಕ್ಟರು ಅದರಲ್ಲಿ ಒಂದನ್ನು ಆರಿಸುತ್ತಾರೆ, ಆಯ್ಕೆಯಾದವಳೇ ಅಧ್ಯಯನ ನಡೆಸಬೇಕು ಎಂದು ಗೊತ್ತಾಗಿತ್ತು. ಇಬ್ಬರೂ ಹಳ್ಳಿಗಳನ್ನು ಸುತ್ತಿದೆವು. ಹೋದಲ್ಲೆಲ್ಲ ಹೆಂಗಸರು ನನಗೆ "ಬರ್ರಿ ಬಾಯಾರ, ಕೂಡ್ರಿ" ಎನ್ನುತ್ತಿದ್ದರು. ಅವಳಿಗೆ "ಬಾ ಬೇ" ಎನ್ನುತ್ತಿದ್ದರು. ನನಗೆ ಸಿಕ್ಕಿದ್ದು ಮರ್ಯಾದೆ, ಅವಳಿಗೆ ಸಿಕ್ಕಿದ್ದು ಸಲಿಗೆ. ಅವಳು ಒಲೆಯ ಮುಂದೆ ಹೋಗಿ ಕುಳಿತು ನಗುವಾಗ, ಪಡಸಾಲೆಯಲ್ಲಿದ್ದ ನನಗೆ ಆ ನಗು ನನ್ನ ಬಗ್ಗೆಯೇ ಇರಬೇಕೆನಿಸುತ್ತಿತ್ತು.

ನನ್ನ ಪ್ರಶ್ನೆ ಆಗಲೇ ತಯಾರಾಗಿತ್ತು: ಇಲ್ಲಿನ ತಾಯಂದಿರು ಅಜ್ಞಾನದಿಂದಾಗಿ ಮಕ್ಕಳಿಗೆ ಲಸಿಕೆ ಹಾಕಿಸುತ್ತಿಲ್ಲವೇ? ಕೇಳಲು ಗಂಭೀರವಾಗಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು.

ಭೀಮಾ ದಂಡೆಯ ಮಣ್ಣೂರಿನಲ್ಲಿ ನೀಲಮ್ಮ ಎಂಬ ತಾಯಿ ಕೂಸನ್ನು ಸೊಂಟದ ಮೇಲೆ ಹೊತ್ತು, ಕೆಲಸಕ್ಕೆ ಹೊರಟು ನಿಂತಿದ್ದಳು. ಮಗುವಿಗೆ ಲಸಿಕೆ ಪೂರ್ತಿಯಾಗಿದೆಯೇ ಎಂದು ಕೇಳಿದೆ.

"ಒಮ್ಮಿ ಸೂಜಿ ಮಾಡ್ಸೀನ್ರಿ," ಎಂದಳು. "ಕೂಸಿಗಿ ಜ್ವರಾ ಬಂತು, ತೊಡಿ ಬಾತಿತ್ತು. ಎತ್ತಿಕೊಂಡು ಕುಂತೆ, ಹೊಲಕ ಹೋಗ್ಲಿಲ್ಲ. ಮತ್ತೊಮ್ಮಿ ಮಾಡಸ್ಬೇಕಂತ ಯಾರ್ ಹೇಳ್ಯಾರ್ರಿ?"

ಅವಳು ಹೇಳಿದ್ದು ನನಗೆ, ನನ್ನ ಮುಖ ನೋಡಿಕೊಂಡೇ. ಪೂರ್ತಿಯಾಗಿಲ್ಲ ಎಂದು ಬರೆದುಕೊಂಡು ಮುಂದಿನ ಮನೆಗೆ ಹೊರಟೆ. ಕಸ್ತೂರಿ ಹೊರಡಲಿಲ್ಲ. ಜೋಳದ ಹೊಲದ ತನಕ ನೀಲಮ್ಮನ ಜೊತೆ ಮಾತಾಡುತ್ತ ಹೋದಳು.

ಹಿರಿಯ ಡಾಕ್ಟರು ಬಂದ ದಿನ ಮೊದಲು ನಾನೇ ಓದಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಪ್ರಶ್ನೆದಾಗ ಉತ್ತರಾನೂ ನೀವ ಬರದೀರಿ. ಅಜ್ಞಾನ ಅಂತ ಮೊದಲ ತೀರ್ಮಾನ ಮಾಡಿದ ಮ್ಯಾಲ ಹಳ್ಳಿಗಿ ಹೋಗಿ ಏನ್ ಹುಡುಕ್ತೀರಿ?"

ಆಮೇಲೆ ಕಸ್ತೂರಿ ಓದಿದಳು: ಒಮ್ಮೆ ಲಸಿಕೆ ಹಾಕಿಸಿದ ತಾಯಂದಿರಲ್ಲಿ, ಎರಡನೆಯ ಸಲ ಬಂದವರಿಗೂ ಬಾರದವರಿಗೂ ಇರುವ ವ್ಯತ್ಯಾಸವೇನು? ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. "ಇದಕ ಉತ್ತರ ಸಿಗ್ತದ," ಎಂದರು. "ಸಿಕ್ಕ ಮ್ಯಾಲ ಏನರ ಮಾಡಾಕೂ ಬರ್ತದ."

"ಈ ಪ್ರಶ್ನೆ ಹುಟ್ಟಿದ್ದು ಮಣ್ಣೂರಿನ ನೀಲಮ್ಮನ ಮಾತಿನಿಂದರಿ, ಆಕಿ ಹೇಳಿದ್ದು ಇವರಿಗೇ," ಎಂದು ಕಸ್ತೂರಿ ನನ್ನತ್ತ ತೋರಿಸಿದಳು. "ನಾ ಬಾಜೂಕ ನಿಂತು ಕೇಳೀನಿ, ಅಷ್ಟ."

ಅದನ್ನೊಂದು ಅವಳು ಹೇಳಬಾರದಿತ್ತು. ಕದ್ದಿದ್ದರೆ ಜಗಳವಾದರೂ ಮಾಡಬಹುದಿತ್ತು. ಔದಾರ್ಯದ ಮೇಲೆ ಹೊಟ್ಟೆಕಿಚ್ಚು ಪಡುವವರಿಗೆ ಎಲ್ಲಿಯೂ ಜಾಗವಿಲ್ಲ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ.

ವರ್ಷವಿಡೀ ಅವಳ ಪ್ರಶ್ನೆಯ ಹಿಂದೆ ನಾನೂ ತಿರುಗಿದೆ. ಗೊಬ್ಬೂರ, ಆಳಂದದ ಕಡೆ ಕಡಗಂಚಿ, ಎಲ್ಲಿಗೆ ಹೋದರೂ ಕಥೆ ಹೆಚ್ಚು ಕಡಿಮೆ ಒಂದೇ. ಜ್ವರ ಬರಬಹುದೆಂದು ಮೊದಲೇ ಹೇಳಿಸಿಕೊಂಡ ತಾಯಂದಿರು ಮತ್ತೆ ಬಂದಿದ್ದರು. ಯಾರೂ ಹೇಳದೆ ಹೆದರಿದವರು ಬಂದಿರಲಿಲ್ಲ. ಅಂದಿನಿಂದ ಸೂಜಿ ಹಾಕುವ ಮುಂಚೆ ಜ್ವರದ ಮಾತು ಹೇಳುವುದು ರೂಢಿಯಾಯಿತು, ಸುಗ್ಗಿಯಲ್ಲಿ ಹೊಲದ ಕೆಲಸ ಮುಗಿದ ಮೇಲೆ ಸಂಜೆ ಲಸಿಕೆ ಶುರುವಾಯಿತು. ನೀಲಮ್ಮ ತನ್ನ ಎರಡನೆಯ ಕೂಸನ್ನು ತಾನಾಗಿಯೇ ತಂದಳು. ಬಂದವಳು ಮೊದಲು ಕೇಳಿದ್ದು, "ಕಸ್ತೂರಿ ಎಲ್ಲಿ ಹೋಗ್ಯಾಳ್ರಿ?"

ಕಸ್ತೂರಿ ಮೈಸೂರಿಗೆ ಹೋಗಿದ್ದಳು. ಆ ಅಧ್ಯಯನದ ಬಲದಿಂದ ಅವಳಿಗೆ ಅಲ್ಲಿ ಮೇಲಿನ ಓದಿಗೆ ಸೀಟು ಸಿಕ್ಕಿತ್ತು. ಪರ ಊರು, ಯಾರ ಪರಿಚಯವೂ ಇಲ್ಲ ಎಂದು ಅವಳು ಅಳುಕಿದಾಗ, ಬಾಯಿಮಾತಿಗೆಂಬಂತೆ "ನಮ್ಮ ಮನೆಯಿದೆಯಲ್ಲ" ಎಂದಿದ್ದೆ. ಅವಳು ನಂಬಿದಳು. ಅಮ್ಮ ನನ್ನ ಕೋಣೆಯನ್ನೇ ಬಿಟ್ಟುಕೊಟ್ಟರು. ಇತ್ತ ಅವಳು ಬಿಟ್ಟುಹೋದ ಕೆಲಸ ನನ್ನ ಪಾಲಿಗೆ ಬಂತು.

ಮರುವರ್ಷದ ದೀಪಾವಳಿಗೆ ಊರಿಗೆ ಹೋದೆ. ಬಾಗಿಲು ತೆರೆದದ್ದು ಕಸ್ತೂರಿ. "ಬನ್ನಿ, ಬನ್ನಿ" ಎಂದಳು, ಅಪ್ಪಟ ಮೈಸೂರು ಧಾಟಿಯಲ್ಲಿ. ದೇವರಾಜ ಮಾರುಕಟ್ಟೆಯಲ್ಲಿ ಯಾವ ಹೂವಿನವಳು ಮೊಳ ಸರಿಯಾಗಿ ಹಾಕುತ್ತಾಳೆಂದು ಅವಳಿಗೆ ಗೊತ್ತಿತ್ತು. ಕಾಫಿಪುಡಿಯ ಡಬ್ಬಿ ಬೇರೆ ಕಪಾಟಿಗೆ ಹೋಗಿತ್ತು. ಎಲ್ಲಿದೆಯೆಂದು ನಾನು ಅವಳನ್ನು ಕೇಳಬೇಕಾಯಿತು. "ಅಷ್ಟು ದೂರದಿಂದ ಬಂದಿದ್ದೀಯ, ಸುಮ್ಮನೆ ಕೂತ್ಕೊ" ಎಂದರು ಅಮ್ಮ. ನನಗೆ ಅಳು ಬರುವಂತಾಯಿತು. ಅದೇ ವೇಳೆಗೆ ಅಫಜಲಪುರದಲ್ಲಿ ಸಂಜೆಯ ಲಸಿಕೆ ಹೇಗೆ ನಡೆದಿದೆಯೋ ಎಂಬ ಚಿಂತೆಯೂ ಬಂತು.

ಊಟಕ್ಕೆ ಮೂವರೂ ಕುಳಿತಿದ್ದೆವು. ಅಮ್ಮ ಹುಳಿ ಬಡಿಸುತ್ತ, ತಲೆಯೆತ್ತದೆ ಕೇಳಿದರು, "ಊರಿಗೆ ಯಾವಾಗ ಹೊರಡೋದು?"

ಯಾವ ಊರು, ಕೇಳಿದ್ದು ಯಾರನ್ನು ಎಂದು ತಿಳಿಯದೆ ಕಸ್ತೂರಿಯೂ ನಾನೂ ಒಟ್ಟಿಗೇ ಅಮ್ಮನತ್ತ ನೋಡಿದೆವು. ಅವಳು ಬಾಯಿ ತೆರೆಯುವ ಮುಂಚೆ ನಾನು ಹೇಳಿಬಿಟ್ಟೆ, "ನಾಳಿದ್ದು."