ಬೆಳಗಿನ ಜಾವದ ತಪ್ಪು ತಿಥಿ

ಭಾವನವರು ಲಿಂಗೈಕ್ಯರಾದ ಮೇಲೆ ಅತನೂರಿನ ನನ್ನ ಅಕ್ಕನ ಮನೆಯಲ್ಲಿ ಪಂಚಾಂಗ ನೋಡಿ ಹೇಳುವವರಿಲ್ಲವಾಯಿತು. ಅವರು ನಸುಕಿನಲ್ಲೆದ್ದು ಮಿಂದು, ಅಂದಿನ ತಿಥಿಯನ್ನು ಗಟ್ಟಿಯಾಗಿ ಓದಿದ ಮೇಲೆಯೇ ಅಕ್ಕ ಒಲೆ ಹೊತ್ತಿಸುತ್ತಿದ್ದಳು. ಈಗ ಅವಳು ಪ್ರತಿ ತಿಂಗಳೂ ಅವರು ಲಿಂಗೈಕ್ಯರಾದ ಬಹುಳ ಪಂಚಮಿಯಂದು ಹಗಲೆಲ್ಲ ಉಪವಾಸವಿರುತ್ತಾಳೆ. ಆ ದಿನ ಯಾವುದೆಂದು ತಿಳಿಯುವುದೇ ಅವಳಿಗೆ ಕಷ್ಟವಾಗಿತ್ತು.

ಸಂಸ್ಕೃತ ಕಲಿಸಿ ನಿವೃತ್ತನಾದ ನಾನು ಜೇವರ್ಗಿಯಲ್ಲಿ ಕುಳಿತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯತೊಡಗಿದ್ದೆ. ತಿಥಿಗಣಿತದ ಸೂತ್ರಗಳನ್ನು ಬಲ್ಲವನಿಗೆ ಅದನ್ನೇ ಯಂತ್ರಕ್ಕೆ ಒಪ್ಪಿಸುವುದು ಹಿಗ್ಗಿನ ಕೆಲಸವಾಗಿತ್ತು. ಅಂದಿನ ಸೂರ್ಯೋದಯದ ತಿಥಿಯನ್ನು ದೊಡ್ಡ ಅಕ್ಷರದಲ್ಲಿ ತೋರಿಸುವ ಸಣ್ಣ ಪ್ರೋಗ್ರಾಮನ್ನು ಬರೆದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಒಂದು ದಿನವೂ ತಪ್ಪಲಿಲ್ಲ. ಆದರೆ ಅದು ಅಕ್ಕನ ಫೋನಿನಲ್ಲಿ ಕಾಣಬೇಕಾದರೆ, ಎಲ್ಲಿಯೋ ಸದಾ ಎಚ್ಚರವಿರುವ ಒಂದು ಸರ್ವರಿನ ಮೇಲೆ ಅದನ್ನು ಪ್ರತಿಷ್ಠಾಪಿಸಬೇಕು. ಆಳಂದದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಹಳೆಯ ಶಿಷ್ಯೆ ಫೋನಿನಲ್ಲಿಯೇ ದಾರಿ ತೋರಿಸಿದಳು. ಒಂದು ಫೈಲು ಇದ್ದರೆ ಇನ್ನೊಂದಿಲ್ಲ; ಇಲ್ಲಿ ಓಡುವುದು ಅಲ್ಲಿ ಓಡದು. ವ್ಯಾಕರಣದ ಪರೀಕ್ಷೆಗೂ ನಾನು ಅಷ್ಟು ಬೆವರಿದವನಲ್ಲ. ಕೊನೆಗೊಮ್ಮೆ ತಿಥಿ ಮೂಡಿತು. ನಸುಕಿನಲ್ಲೆದ್ದು ಮುಟ್ಟಿದರೆ ತಿಥಿ ತೆರೆಯುವಂತೆ ಅಕ್ಕನ ಫೋನಿನಲ್ಲಿ ಸಣ್ಣ ಚಿತ್ರವೊಂದನ್ನು ಇಟ್ಟುಕೊಟ್ಟು ಬಂದೆ.

ಮುಂದಿನ ಬಹುಳ ಪಂಚಮಿ ಕಳೆದ ಮೇಲೆ ಅಕ್ಕನ ಫೋನು ಬಂದಿತು.

"ತಮ್ಮಾ, ನಿನ್ನ ಮಷಿನ್ ನನಗ ಪಂಚಮಿ ದಿನ ರೊಟ್ಟಿ ತಿನಿಸಿ, ಷಷ್ಠಿ ದಿನ ಉಪಾಸ ಇರಿಸ್ತು ನೋಡು! ಮಠದ ಅಯ್ಯನೋರು ಬಂದು ಹೇಳಿದಾಗ ನನ್ನ ಜೀವಾನೇ ಹೋದಂಗಾತು."

ಅವಳು ಅಳುತ್ತಿದ್ದಳು. ಭಾವನವರ ವರ್ಷದ ಪುಣ್ಯತಿಥಿ ಬರುವ ತಿಂಗಳಿನಲ್ಲಿತ್ತು. ಆ ದಿನವೂ ಹೀಗಾದರೆ ಯಾವ ಮುಖ ಹೊತ್ತು ಅವಳ ಹೊಸ್ತಿಲು ತುಳಿಯಲಿ?

ಮರುದಿನ ಜಾವದಲ್ಲೆದ್ದು ನೋಡಿದೆ. ಲ್ಯಾಪ್‌ಟಾಪಿನಲ್ಲಿ ಸರಿಯಾದ ತಿಥಿ. ಸರ್ವರಿನಲ್ಲಿ ಹಿಂದಿನ ದಿನದ್ದು. ಬರೆದವನೊಬ್ಬನೇ, ಬರೆದದ್ದೂ ಒಂದೇ. ಕಾಲೇಜಿಗೆ ಹೋಗುವ ಮೊದಲೇ ನೋಡೆಂದು ಶಿಷ್ಯೆಗೆ ಬರೆದೆ. ಅವಳು ನೋಡಿದ್ದು ಹತ್ತು ಗಂಟೆಯ ಮೇಲೆ.

"ಗುರುಗಳ, ನನ್ನ ಮುಂದೇ ಅದರಿ, ತಿಥಿ ಸರಿ ತೋರಸಾಕತ್ತದ್ರಿ. ಕನ್ನಡಕ ಹಾಕ್ಕೊಂಡು ನೋಡೀರಿಲ್ರಿ?"

"ಹಾಕ್ಕೊಂಡೇ ನೋಡೇನವಾ. ನಸಿಕಿನ್ಯಾಗ ತಪ್ಪಿತ್ತು."

"ಪ್ರೋಗ್ರಾಮಿಗೂ ನಿದ್ದಿಗಣ್ಣು ಇರ್ತದೇನ್ರಿ?" ಎಂದು ನಕ್ಕಳು. ನಾನು ತೆರೆದು ನೋಡಿದೆ. ತಿಥಿ ಸರಿಯಾಗಿಯೇ ಇತ್ತು. ಸುಳ್ಳುಗಾರನಂತೆ ಫೋನಿಟ್ಟೆ.

ಹೊಸದಾಗಿ ಕಲಿಯುವವರಿಗೆ ನೆರವಾಗುವ ಆನ್‌ಲೈನ್ ಬಳಗವೊಂದಿತ್ತು. ಅಲ್ಲಿ ವಿನಯದಿಂದಲೇ ಕೇಳಿದೆ. ಒಬ್ಬರು ಎಲ್ಲವನ್ನೂ ಅಳಿಸಿ ಮತ್ತೆ ಹಾಕಿರೆಂದರು, ಹಾಕಿದೆ. ಇನ್ನೊಬ್ಬರು ನಮ್ಮಲ್ಲಿ ಸರಿಯಾಗಿದೆ, ನಿಮ್ಮ ಫೋನು ಹಳೆಯದೆಂದರು. ಮತ್ತೊಬ್ಬರು ಪೈಥಾನನ್ನೇ ಬಿಡಿರೆಂದರು. ಪ್ರಶ್ನೆಯನ್ನು ಕೊನೆಯವರೆಗೆ ಓದಿದವರು ಯಾರೂ ಇದ್ದಂತೆ ಕಾಣಲಿಲ್ಲ. ಗುರುವಿನ ಮಾತನ್ನು ಪೂರ್ತಿ ಕೇಳದೆ ಬಾಯಿ ತೆರೆದರೆ ನಮಗೆ ಏಟು ಬೀಳುತ್ತಿತ್ತು. ಇಲ್ಲಿ ಬಾಯಿ ತೆರೆಯುವುದೇ ವಿದ್ಯೆ. ನನ್ನ ಗಣಿತವೇ ತಪ್ಪೋ ಎಂದು ಕಾಗದದ ಮೇಲೆ ಮತ್ತೆ ಮತ್ತೆ ಲೆಕ್ಕ ಹಾಕಿದೆ. ತಪ್ಪಿರಲಿಲ್ಲ.

ಒಂದು ದಿನ, ಶಿವ ಮನ್ನಿಸಲಿ, ಪೂಜೆಯನ್ನು ಹಿಂದಕ್ಕೆ ತಳ್ಳಿ ಫೋನನ್ನೇ ನೋಡುತ್ತ ಕುಳಿತೆ. ಕತ್ತಲಲ್ಲಿ ಹಿಂದಿನ ದಿನದ ತಿಥಿ. ಪುಟವನ್ನು ಮತ್ತೆ ಮತ್ತೆ ತೆರೆದೆ. ಐದೂವರೆಯಾಗುತ್ತಲೇ ತಿಥಿ ತಾನಾಗಿ ಬದಲಾಯಿತು. ಕೂಡಲೇ ಆಳಂದಕ್ಕೆ ಫೋನು ಮಾಡಿ ಶಿಷ್ಯೆಯನ್ನು ಎಬ್ಬಿಸಿದೆ. ಕಂಡದ್ದನ್ನೆಲ್ಲ ಹೇಳಿದೆ.

"ಅಯ್ಯ ಶಿವನೇ! ತಪ್ಪು ನಂದ್ರಿ ಗುರುಗಳ. ಆ ಸರ್ವರಿನ ಗಡಿಯಾರ ನಮ್ದಲ್ರಿ. ನಮ್ಮಕಿಂತ ಐದೂವರಿ ತಾಸು ಹಿಂದ ನಡೀತದ. ನಮ್ಮ ಕಡಿ ಐದೂವರಿ ಆಗೋತನಾ ಅದಕ್ಕ ಇನ್ನಾ ನಿನ್ನಿನೇ."

"ನಸಿಕಿನ್ಯಾಗ ಏಳೋರು ನಿಮ್ಮ ಮಂದ್ಯಾಗ ಒಬ್ಬರೂ ಇಲ್ಲೇನವಾ?"

"ಇಲ್ರಿ. ನೀವೊಬ್ಬರೇ ಇದ್ರಿ, ನಿಮ್ಮ ಮಾತು ನಾ ಕೇಳಲಿಲ್ರಿ," ಎಂದಳು.

ಭಾರತದ ಸಮಯವನ್ನೇ ಹಿಡಿಯಬೇಕೆಂದು ಹೇಳುವ ಒಂದು ಸಾಲನ್ನು ಅವಳು ಹೇಳಿದಂತೆ ಸೇರಿಸಿದೆ. ಅಂದಿನಿಂದ ಜಾವದಲ್ಲಿಯೂ ತಿಥಿ ಸರಿಯಾಯಿತು. ಅಕ್ಕನಿಗೂ ತಿಳಿಸಿದೆ. "ಹೂಂ" ಎಂದಳು, ಅಷ್ಟೇ.

ವರ್ಷದ ಪುಣ್ಯತಿಥಿಯಂದು ಕತ್ತಲಿರುವಾಗಲೇ ಅವಳ ಫೋನು ಬಂದಿತು.

"ತಮ್ಮಾ, ಇವತ್ತ ಯಾವ ತಿಥಿ?"

"ನಿನ್ನ ಫೋನಿನ್ಯಾಗ ಬಂದದ ನೋಡಕ್ಕಾ. ಈಗ ಸರಿ ಆಗೇದ."

"ಇರ್ಲಿ ಬಿಡೋ. ನಾ ಅದರ ಮ್ಯಾಲ ಕೈ ಇಡಂಗಿಲ್ಲ. ನೀ ಪಂಚಾಂಗ ತಗದು ಹೇಳು."

ವಾದಿಸಬೇಕೆನಿಸಿತು. ಸರ್ವರು, ಗಡಿಯಾರ, ಆ ಒಂದು ಸಾಲು, ಎಲ್ಲವೂ ನಾಲಿಗೆಯ ತುದಿಗೆ ಬಂದವು. ಆದರೆ ರೊಟ್ಟಿ ತಿಂದವಳು ಅವಳು. ಪಂಚಾಂಗವನ್ನು ತೆರೆದು, ಮಾಸ, ಪಕ್ಷ, ತಿಥಿಗಳನ್ನು ಬಿಡಿಸಿ ಬಿಡಿಸಿ ಓದಿದೆ. ಅವಳು ಫೋನನ್ನು ಕೆಳಗಿಡುವುದನ್ನೂ ಮರೆತಿದ್ದಳು. ಆ ಕಡೆಯಿಂದ ವಿಭೂತಿಯ ಕರಡಿಗೆ ತೆರೆದ ಸದ್ದು ಕೇಳಿಸಿತು.