ಎಲ್ಲರಿಗೂ ಕಳಿಸಿದ ಗುಲಾಬಿ

೧೯೯೯ರಲ್ಲಿ ನಾನು ಕೆ.ಆರ್. ಪೇಟೆಯಲ್ಲಿ, ಪಶು ಆಹಾರ ಮಾರುವ ಕಂಪನಿಯೊಂದರ ಶಾಖೆಯಲ್ಲಿ ಗುಮಾಸ್ತೆಯಾಗಿದ್ದೆ. ಮುಖ್ಯ ಕಚೇರಿ ಶ್ರೀರಂಗಪಟ್ಟಣದಲ್ಲಿ. ಪಾಂಡವಪುರ, ನಾಗಮಂಗಲದಲ್ಲಿ ಇನ್ನೆರಡು ಶಾಖೆ. ಆ ವರ್ಷವೇ ಎಲ್ಲ ಕಡೆಗೂ ಇಮೇಲು ಬಂದಿತ್ತು. ನಮಗಿದ್ದದ್ದು ಒಂದೇ ಫೋನ್ ಲೈನು. ಇಮೇಲು ಇಳಿಯುವಷ್ಟು ಹೊತ್ತೂ ಫೋನು ಮಾಡಿದವರಿಗೆ ಎಂಗೇಜ್ ಸದ್ದೇ ಕೇಳುತ್ತಿತ್ತು.

ಒಂದು ಸಂಜೆ ಮುಖ್ಯ ಕಚೇರಿಯ ಮ್ಯಾನೇಜರಿಗೆ ಬಡ್ತಿ ಸಿಕ್ಕಿದ ಸುದ್ದಿ ಬಂತು. ನಾನು ದೊಡ್ಡ ಗುಲಾಬಿಯ ಚಿತ್ರ ಸೇರಿಸಿ ಅಭಿನಂದನೆ ಬರೆದೆ. ಅವರೊಬ್ಬರಿಗೆ ಕಳಿಸಿದ್ದರೆ ಸಾಕಿತ್ತು. ಎಲ್ಲರೂ ನೋಡಲಿ ಎಂಬ ಆಸೆಯಿಂದ ಎಲ್ಲರಿಗೂ ಕಳಿಸಿದೆ.

ಮರುದಿನ ಬೆಳಿಗ್ಗೆ ಇಮೇಲು ತೆರೆದರೆ ಮುಗಿಯುವಂತೆಯೇ ಇಲ್ಲ. ನನ್ನ ಗುಲಾಬಿ ನೋಡಿ ಉಳಿದವರೂ ಹೂವು, ದೀಪಗಳ ಚಿತ್ರ ಸೇರಿಸಿ ಎಲ್ಲರಿಗೂ ಉತ್ತರಿಸಿದ್ದರು. ಒಂದೊಂದೂ ತೆವಳಿಕೊಂಡು ಇಳಿಯುತ್ತಿತ್ತು. ಒಂದೂವರೆ ಗಂಟೆ ಕಳೆದ ಮೇಲೆ ಕೊನೆಯದಾಗಿ ಮುಖ್ಯ ಕಚೇರಿಯ ಎರಡು ಸಾಲು ಬಂತು: 'ನಿನ್ನೆಯ ಚೀಲಗಳಲ್ಲಿ ಯೂರಿಯಾ ಹೆಚ್ಚು ಬಿದ್ದಿದೆ, ದನಕ್ಕೆ ಹಾಕಿದರೆ ಅಪಾಯ. ನಿಮ್ಮ ಫೋನು ಸಿಗುತ್ತಲೇ ಇಲ್ಲ.'

ಬೆಳಿಗ್ಗೆಯೇ ಟೆಂಪೊ ಅಕ್ಕಿಹೆಬ್ಬಾಳಿನ ಮೂರು ಮನೆಗಳಿಗೆ ಚೀಲ ಇಳಿಸಿ ಬಂದಿತ್ತು. ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿ, ಅದೇ ಟೆಂಪೊ ಹತ್ತಿದೆ. ದಾರಿಯುದ್ದಕ್ಕೂ ಬೇಗ, ಬೇಗ ಎನ್ನುತ್ತಲೇ ಇದ್ದೆ.

"ಎದ್ರುಕೋಬ್ಯಾಡಿ ಮೇಡಂ, ಇನ್ನೂ ಬಿಚ್ಚಿರಾಕಿಲ್ಲ," ಅಂದ ಡ್ರೈವರ್. ಆದರೂ ಟೆಂಪೊದ ವೇಗ ಹೆಚ್ಚಿಸಿದ.

ಎರಡು ಮನೆಗಳಲ್ಲಿ ಚೀಲದ ಹೊಲಿಗೆ ಹಾಗೇ ಇತ್ತು. ಮೂರನೆಯ ಮನೆಯ ಕೊಟ್ಟಿಗೆಯಲ್ಲಿ ಅಜ್ಜಿಯೊಬ್ಬರು ಬಕೆಟ್ಟಿನಲ್ಲಿ ಆಹಾರ ಕಲಸಿಟ್ಟಿದ್ದರು. ಹಸುವಿನ ಮೂತಿಗೆ ಹಿಟ್ಟು ಮೆತ್ತಿತ್ತು.

"ಅಜ್ಜಿ, ತಿಂದುಬಿಡ್ತಾ?"

"ಈಗಿನ್ನೂ ಎರಡು ಬೊಗಸೆ ತಿಂತು ಕಣವ್ವ. ಯಾಕೆ, ಯಾಕಿಂಗೆ ಬೆವರ್ತಾ ಇದ್ದೀಯೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಸು ನಡುಗತೊಡಗಿತು. ಬಾಯಿಂದ ನೊರೆ ಇಳಿಯಿತು. ಅಜ್ಜಿ ಅದರ ಕೊರಳು ತಬ್ಬಿಕೊಂಡು, "ಅಯ್ಯೋ, ನನ್ ಮಗ ಕಣವ್ವ ಇದು!" ಎಂದು ಕೂಗಿದರು. ಡಾಕ್ಟರು ಮೋಟರ್ ಸೈಕಲ್ಲಿನಲ್ಲಿ ಬರುವುದರೊಳಗೆ ಆ ಬಕೆಟ್ಟನ್ನು ದೂರ ಎಳೆದಿಟ್ಟೆ. ಅವರು ತಣ್ಣೀರಿಗೆ ವಿನೆಗರ್ ಬೆರೆಸಿ, ಬಿದಿರಿನ ಗೊಟ್ಟದಲ್ಲಿ ಮತ್ತೆ ಮತ್ತೆ ಕುಡಿಸಿದರು. ಸಂಜೆಯ ಹೊತ್ತಿಗೆ ಹಸು ಎದ್ದು ನಿಂತು ಮೆಲುಕು ಹಾಕಿತು.

ಮರುದಿನ ಶ್ರೀರಂಗಪಟ್ಟಣಕ್ಕೆ ಹೋಗಿ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ. ಕೆಲಸ ಹೋಯಿತೆಂದೇ ಲೆಕ್ಕ ಹಾಕಿದ್ದೆ. ಅವರು, "ಆ ಹೂವಿಗೆ ಎಲ್ರಿಗೂ ಥ್ಯಾಂಕ್ಸ್ ಅಂತ ನಾನೂ ಬರೆದೆ ಕಣಮ್ಮ," ಅಂದರು. ಕೇಳಿದವರೊಬ್ಬರಿಗೇ ಉತ್ತರ, ಅಭಿನಂದನೆಯಿದ್ದರೆ ಕಾಗದದಲ್ಲಿ ಎಂದು ಅಂದೇ ಎಲ್ಲ ಶಾಖೆಗಳಿಗೂ ಸುತ್ತೋಲೆ ಹೋಯಿತು. ಅದನ್ನು ನನ್ನ ಕೈಯಲ್ಲೇ ಬರೆಸಿದರು. ಅಜ್ಜಿ ಮಾತ್ರ ನಮ್ಮ ಚೀಲ ಮತ್ತೆ ಕೊಳ್ಳಲಿಲ್ಲ.